ದುಡಿಯುವ ಮಗು ಕಂಡರೆ ಏನು ಮಾಡಬೇಕು?

ಬಸ್ ನಿಲ್ದಾಣದ ಪಕ್ಕದ ಹೋಟೆಲ್ಲಿನಲ್ಲಿ ಟೇಬಲ್ ಒರೆಸಲು ಬಂದ ಹುಡುಗನಿಗೆ ಹೆಚ್ಚೆಂದರೆ 12 ವರ್ಷ. ಗ್ಯಾರೇಜಿನಲ್ಲಿ ಗ್ರೀಸ್ ಮೆತ್ತಿದ ಕೈಯಲ್ಲಿ ಸ್ಪ್ಯಾನರ್ ಎತ್ತಿ ಕೊಡುವವನಿಗೂ ಅಷ್ಟೇ. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುವ ಹುಡುಗಿ ಶಾಲೆಗೆ ಹೋದದ್ದನ್ನು ನೀವು ಒಂದು ದಿನವೂ ಕಂಡಿಲ್ಲ. ಮನಸ್ಸಿಗೆ ಕಸಿವಿಸಿಯಾಗುತ್ತದೆ. ಆದರೆ ಯಾರಿಗೆ ಹೇಳಬೇಕು, ಹೇಳಿದರೆ ನಮ್ಮ ಹೆಸರು ಹೊರಗೆ ಬರುತ್ತದೆಯೇ, ಆ ಮಗುವಿನ ಅನ್ನಕ್ಕೇ ಕಲ್ಲು ಹಾಕಿದ ಹಾಗಾಗುವುದಿಲ್ಲವೇ? ಹೀಗೆ ಯೋಚಿಸುತ್ತಲೇ ಬಿಲ್ ಕೊಟ್ಟು ಎದ್ದು ಬರುತ್ತೇವೆ.

ಈ ಪ್ರಶ್ನೆಗಳಿಗೆಲ್ಲ ಉತ್ತರವಿದೆ. ದೂರು ಕೊಡುವುದು ಕಷ್ಟವೇ ಅಲ್ಲ, ಒಂದು ಫೋನ್ ಕರೆ ಸಾಕು. ಕಷ್ಟವಿರುವುದು ಆಮೇಲೆ. ಬಿಡಿಸಿಕೊಂಡು ಬಂದ ಮಗು ತಿಂಗಳೊಪ್ಪತ್ತಿನಲ್ಲಿ ಇನ್ನೊಂದು ಊರಿನ ಇನ್ನೊಂದು ಹೋಟೆಲ್ಲಿಗೆ ಸೇರಿಕೊಳ್ಳದಂತೆ ನೋಡಿಕೊಳ್ಳುವುದರಲ್ಲಿ. ಹಾಗಾಗಿ ಈ ಲೇಖನದಲ್ಲಿ ದೂರಿನಷ್ಟೇ ಜಾಗವನ್ನು ದೂರಿನ ನಂತರದ ಕೆಲಸಕ್ಕೂ ಕೊಟ್ಟಿದ್ದೇನೆ.

ಮಕ್ಕಳೇ ಯಾಕೆ ಬೇಕು?

2011ರ ಜನಗಣತಿಯ ಪ್ರಕಾರ ದೇಶದಲ್ಲಿ 5ರಿಂದ 14 ವರ್ಷದೊಳಗಿನ ಸುಮಾರು 1.01 ಕೋಟಿ ಮಕ್ಕಳು ದುಡಿಯುತ್ತಿದ್ದರು. ಕಾರಣ ಕೇಳಿದರೆ ಎಲ್ಲರೂ ಹೇಳುವುದು ಬಡತನ. ಅದು ನಿಜ, ಆದರೆ ಅರ್ಧ ನಿಜ. ಬಡತನ ಮಗುವನ್ನು ಮನೆಯಿಂದ ಹೊರಗೆ ತಳ್ಳಬಹುದು. ಕೆಲಸಕ್ಕೆ ಕರೆಯುವವನಿಗೆ ಮಗುವೇ ಯಾಕೆ ಬೇಕು ಎಂಬುದಕ್ಕೆ ಬಡತನ ಉತ್ತರವಲ್ಲ.

ಹೈಬ್ರಿಡ್ ಹತ್ತಿಯ ಬೀಜೋತ್ಪಾದನೆಯನ್ನೇ ನೋಡಿ. ಉತ್ತರ ಕರ್ನಾಟಕದ ಹಲವು ತಾಲ್ಲೂಕುಗಳಲ್ಲಿ ಇದು ನಡೆಯುತ್ತದೆ. ಆ ಕೆಲಸಕ್ಕೆ ‘ಕ್ರಾಸಿಂಗ್’ ಎಂದೇ ಹೆಸರು. ಮರುದಿನ ಅರಳಬೇಕಾದ ಮೊಗ್ಗನ್ನು ಹಿಂದಿನ ದಿನವೇ ಉಗುರಿನಿಂದ ಬಿಡಿಸಿ, ಒಳಗಿನ ಕೇಸರಗಳನ್ನೆಲ್ಲ ತೆಗೆಯಬೇಕು. ಬೆಳಗಾದ ಮೇಲೆ ಗಂಡು ಸಾಲಿನಿಂದ ಹೂ ಕಿತ್ತು ತಂದು, ಅದರ ಪರಾಗವನ್ನು ಒಂದೊಂದೇ ಹೂವಿಗೆ ಸವರಬೇಕು. ಒಂದು ಗಿಡವಲ್ಲ, ಒಂದು ಸಾಲಲ್ಲ. ಇಡೀ ಹೊಲ, ದಿನಾ, ತಿಂಗಳುಗಟ್ಟಲೆ. ಅದೂ ಕೀಟನಾಶಕ ಸಿಂಪಡಿಸಿದ ಗಿಡಗಳ ನಡುವೆ ನಿಂತು. ಈ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಹೆಚ್ಚಾಗಿ ಕರೆಯುತ್ತಾರೆ. ಕೇಳಿದರೆ, ‘ಸಣ್ಣ ಬೆರಳಿಗೇ ಈ ಕೆಲಸ ಆಗುವುದು’ ಎನ್ನುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ದೊಡ್ಡವರೂ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಾರೆ, ಆದರೆ ಅವರು ಪೂರ್ತಿ ಕೂಲಿ ಕೇಳುತ್ತಾರೆ. ನಡು ನೋವೆಂದರೆ ಕುಳಿತುಕೊಳ್ಳುತ್ತಾರೆ. ಔಷಧಿ ಹೊಡೆದ ಹೊಲಕ್ಕೆ ಇಳಿಯುವುದಿಲ್ಲ ಎನ್ನುತ್ತಾರೆ. ಮಕ್ಕಳು ಎದುರು ಮಾತಾಡುವುದಿಲ್ಲ. ಎಲ್ಲ ಕಡೆಯೂ ಲೆಕ್ಕ ಇಷ್ಟೇ. ಕಡಿಮೆ ಕೂಲಿಗೆ ಮಗು ಸಿಗುವ ತನಕ ಆ ಊರಿನ ದೊಡ್ಡವರ ಕೂಲಿಯೂ ಏರುವುದಿಲ್ಲ, ಕೂಲಿ ಏರದ ಮನೆಯಿಂದ ಮತ್ತೊಂದು ಮಗು ಕೆಲಸಕ್ಕೆ ಬರುತ್ತದೆ. ಬಡತನದಿಂದ ಬಾಲಕಾರ್ಮಿಕತೆ ಹುಟ್ಟುವ ಹಾಗೆಯೇ ಬಾಲಕಾರ್ಮಿಕತೆಯಿಂದಲೂ ಬಡತನ ಹುಟ್ಟುತ್ತದೆ.

ಎರಡನೆಯ ಕಾರಣ ಮುಂಗಡ. ಮದುವೆಗೋ ಆಸ್ಪತ್ರೆಗೋ ಅಪ್ಪ ಸಾಲ ತೆಗೆದಿರುತ್ತಾನೆ, ತೀರಿಸಲು ಮಗನೋ ಮಗಳೋ ಹೋಗುತ್ತಾರೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ವರದಿ ಹೊರತಂದಾಗ ಅದರಲ್ಲಿ ಕರ್ನಾಟಕದ ಮಕ್ಕಳೂ ಇದ್ದರು. ಮೂರನೆಯದು ಗುಳೆ. ಮಳೆ ಕೈಕೊಟ್ಟ ವರ್ಷ ರಾಯಚೂರು, ಯಾದಗಿರಿ ಕಡೆಯ ಕುಟುಂಬಗಳು ಮನೆಗೆ ಬೀಗ ಹಾಕಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಮಗುವಿನ ಹೆಸರು ಊರಿನ ಹಾಜರಿ ಪುಸ್ತಕದಲ್ಲಿರುತ್ತದೆ, ಮಗು ಮರಳಿನ ರಾಶಿಯ ಪಕ್ಕ ತಮ್ಮನನ್ನು ಆಡಿಸುತ್ತಾ ಕುಳಿತಿರುತ್ತದೆ. ಊರಲ್ಲಿ 7ನೇ ತರಗತಿ ತನಕ ಮಾತ್ರ ಶಾಲೆಯಿದ್ದು ಹೈಸ್ಕೂಲು ದೂರವಿರುವ ಕಡೆ ಹುಡುಗಿಯರು ಬೇಗ ಶಾಲೆ ಬಿಡುತ್ತಾರೆ.

ಮಾಲೀಕನಿಗೆ ಭಯ ಹುಟ್ಟಿಸಿ ಸುಮ್ಮನಾದರೆ ಸಾಲದು, ಸಾಲ, ಶಾಲೆ, ಮನೆಯ ಊಟ ಇವೂ ಸರಿಯಾಗಬೇಕು ಎನ್ನುವುದು ಇದಕ್ಕೇ. ತೆಲಂಗಾಣದ ರಂಗಾರೆಡ್ಡಿ ಜಿಲ್ಲೆಯಲ್ಲಿ ಶಾಂತಾ ಸಿನ್ಹಾ ಅವರ ಎಂ.ವಿ. ಫೌಂಡೇಶನ್ ಶಾಲೆಯ ಹೊರಗಿರುವ ಪ್ರತಿ ಮಗುವನ್ನೂ ಬಾಲಕಾರ್ಮಿಕ ಎಂದೇ ಪರಿಗಣಿಸಿ ಕೆಲಸ ಮಾಡಿತು. ದುಡಿಯುತ್ತಿದ್ದ ಮಕ್ಕಳನ್ನು ವಸತಿ ಶಿಬಿರದಲ್ಲಿ ಓದಿಸಿ ಅವರ ವಯಸ್ಸಿಗೆ ತಕ್ಕ ತರಗತಿಗೆ ಕಳಿಸಿತು. ಬಡ ತಂದೆತಾಯಿಗೆ ಮಕ್ಕಳ ಓದು ಬೇಡ ಎಂಬ ಮಾತು ಸುಳ್ಳೆಂದು ಅಲ್ಲಿ ರುಜುವಾತಾಯಿತು.

ಕಾನೂನಿನಲ್ಲಿ ಏನಿದೆ?

ಮೈಸೂರು ಸೀಮೆಯ ಎಂ.ಎಸ್. ಗುರುಪಾದಸ್ವಾಮಿ ಅವರ ಅಧ್ಯಕ್ಷತೆಯಲ್ಲಿ 1979ರಲ್ಲಿ ರಚನೆಯಾದ ಸಮಿತಿಯ ಶಿಫಾರಸುಗಳ ಬೆನ್ನಿಗೆ 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂತು. ಅದು ಕೆಲವೇ ಕೆಲಸಗಳನ್ನು ನಿಷೇಧಿಸಿತ್ತು. 2016ರ ತಿದ್ದುಪಡಿ ಅದನ್ನು ಪೂರ್ತಿ ಬದಲಿಸಿತು. ಇಂದು ನೀವು ತಿಳಿದಿರಬೇಕಾದದ್ದು ಇಷ್ಟು:

1. 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಮನೆಗೆಲಸವೂ ಇದರಲ್ಲಿ ಸೇರಿದೆ.

2. 14ರಿಂದ 18 ವರ್ಷದವರನ್ನು ಕಾನೂನು ಕಿಶೋರರು ಎಂದು ಕರೆಯುತ್ತದೆ. ಗಣಿ, ಪಟಾಕಿ ಮತ್ತು ಸ್ಫೋಟಕ, ಅಪಾಯಕಾರಿ ಎಂದು ಪಟ್ಟಿ ಮಾಡಿದ ಕಾರ್ಖಾನೆ ಕೆಲಸಗಳಿಗೆ ಇವರನ್ನು ಹಚ್ಚುವಂತಿಲ್ಲ. ಬೇರೆ ಕೆಲಸಕ್ಕೆ ಸೇರಿದರೂ ವಿರಾಮವೂ ಸೇರಿ ದಿನಕ್ಕೆ 6 ಗಂಟೆ ಮೀರಬಾರದು, ಸಂಜೆ 7ರಿಂದ ಬೆಳಗ್ಗೆ 8ರ ತನಕ ದುಡಿಸಬಾರದು, ವಾರಕ್ಕೊಂದು ರಜೆ ಕೊಡಬೇಕು. ರಾತ್ರಿ ಹತ್ತಕ್ಕೆ ನಿಮಗೆ ಊಟ ಬಡಿಸುವ 15ರ ಹುಡುಗನ ವಿಷಯದಲ್ಲೂ ಕಾನೂನು ಮುರಿದಿದೆ ಎಂದು ಇದರಿಂದ ತಿಳಿಯಿರಿ.

3. ವಿನಾಯಿತಿ ಎರಡೇ. ಸಿನಿಮಾ, ಧಾರಾವಾಹಿ, ಜಾಹೀರಾತಿನಲ್ಲಿ ಕಲಾವಿದನಾಗಿ ಷರತ್ತುಗಳೊಡನೆ ಭಾಗವಹಿಸುವುದು ಒಂದು. ಸ್ವಂತ ಕುಟುಂಬದ ಕೆಲಸಕ್ಕೆ ನೆರವಾಗುವುದು ಇನ್ನೊಂದು. ಈ ಎರಡನೆಯದು ದೊಡ್ಡ ಕಿಂಡಿ. ‘ಇವನು ನಮ್ಮ ಅಕ್ಕನ ಮಗ’ ಎಂದು ಮಾಲೀಕ ಹೇಳಿದ ಕೂಡಲೇ ಹೆಚ್ಚಿನವರು ಹಿಂದೆ ಸರಿಯುತ್ತಾರೆ. ಕಾನೂನಿನ ಲೆಕ್ಕದಲ್ಲಿ ಚಿಕ್ಕಪ್ಪ, ಸೋದರಮಾವ, ಅತ್ತೆ ಕುಟುಂಬದವರೇ ಹೌದು. ಆದರೆ ಅಲ್ಲಿಯೂ ಮಗು ಶಾಲೆ ಮುಗಿಸಿ ಬಂದ ಮೇಲೆ ಅಥವಾ ರಜೆಯಲ್ಲಿ ಮಾತ್ರ ಕೈಜೋಡಿಸಬಹುದು. ಅಪಾಯದ ಕೆಲಸವಾಗಿರಕೂಡದು, ರಾತ್ರಿ ದುಡಿಸಕೂಡದು. ಶಾಲೆ ನಡೆಯುವ ದಿನ ಬೆಳಗ್ಗೆ 11 ಗಂಟೆಗೆ ಆ ಮಗು ಎಲ್ಲಿರುತ್ತದೆ? ಅಂಗಡಿಯಲ್ಲೇ ಇದ್ದರೆ ಅಕ್ಕನ ಮಗನಾದರೂ ಕಾನೂನಿನ ಉಲ್ಲಂಘನೆಯೇ.

4. ಶಿಕ್ಷೆ ಮಾಲೀಕನಿಗೆ. 6 ತಿಂಗಳಿಂದ 2 ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಎರಡನೇ ಸಲ ಸಿಕ್ಕಿಬಿದ್ದರೆ 1ರಿಂದ 3 ವರ್ಷ ಜೈಲು. ಇದು ಸಂಜ್ಞೇಯ ಅಪರಾಧ. ವಾರಂಟ್ ಇಲ್ಲದೆಯೇ ಪೊಲೀಸರು ಕ್ರಮ ಕೈಗೊಳ್ಳಬಹುದು.

5. ಮಗುವನ್ನು ಕೂಡಿಹಾಕಿದ್ದರೆ, ಕೂಲಿ ಕೊಡದೆ ಹಿಡಿದಿಟ್ಟುಕೊಂಡಿದ್ದರೆ 2015ರ ಬಾಲನ್ಯಾಯ ಕಾಯ್ದೆಯ 79ನೇ ಸೆಕ್ಷನ್ನಿನಡಿ 5 ವರ್ಷದ ತನಕ ಜೈಲು, 1 ಲಕ್ಷ ರೂಪಾಯಿ ದಂಡ. ಈ ಕಾಯ್ದೆಗೆ 18 ತುಂಬದ ಎಲ್ಲರೂ ಮಕ್ಕಳೇ.

6. ಮುಂಗಡ ಕೊಟ್ಟು ದುಡಿಸುತ್ತಿದ್ದರೆ ಅದು ಜೀತ. 1976ರ ಜೀತ ನಿರ್ಮೂಲನಾ ಕಾಯ್ದೆಯ ಪ್ರಕಾರ ಅಂಥ ಸಾಲ ರದ್ದಾಗುತ್ತದೆ, ವಸೂಲಿ ಮಾಡುವುದೇ ಅಪರಾಧ.

ಕರೆ ಮಾಡುವ ಮುನ್ನ

ಮಗು ಸಿಗದಿದ್ದರೆ ದಾಳಿಯಿಂದ ಏನೂ ಪ್ರಯೋಜನವಿಲ್ಲ. ಮಾಲೀಕನಿಗೆ ಸುಳಿವು ಸಿಕ್ಕ ರಾತ್ರಿಯೇ ಹುಡುಗನನ್ನು ಊರಿಗೋ ಬೇರೆ ಶಾಖೆಗೋ ಸಾಗಿಸುತ್ತಾರೆ, ಬೆಳಗ್ಗೆ ಬಂದ ಅಧಿಕಾರಿಗಳು ಬರಿಗೈಯಲ್ಲಿ ಹೋಗುತ್ತಾರೆ. ಹಾಗಾಗಿ ನೀವು ಜಗಳವಾಡಬೇಡಿ, ನೋಡಿದ್ದನ್ನು ಸದ್ದಿಲ್ಲದೆ ನೆನಪಿಟ್ಟುಕೊಳ್ಳಿ:

- ಅಂಗಡಿಯ ಹೆಸರು, ರಸ್ತೆ, ಹತ್ತಿರದ ಗುರುತು. ಮನೆಯಾದರೆ ಮನೆ ಸಂಖ್ಯೆ, ಮಹಡಿ.
- ಮಗು ಹೊರಗೆ ಕಾಣುವ ಹೊತ್ತು. ದಾಳಿಯ ಸಮಯ ನಿರ್ಧಾರವಾಗುವುದು ಇದರಿಂದಲೇ.
- ಎಷ್ಟು ಮಕ್ಕಳು, ಅಂದಾಜು ವಯಸ್ಸು, ಯಾವ ಭಾಷೆ ಮಾತಾಡುತ್ತಾರೆ. ಬಿಹಾರದ ಮಗುವಾದರೆ ಹಿಂದಿ ಬಲ್ಲವರು ತಂಡದಲ್ಲಿ ಬೇಕಾಗುತ್ತದೆ.
- ರಾತ್ರಿ ಅಲ್ಲೇ ಮಲಗುತ್ತದೆಯೇ? ಮೈಮೇಲೆ ಬರೆ, ಗಾಯ, ಸುಟ್ಟ ಗುರುತು ಇದೆಯೇ?

ಮಾತಾಡಿಸುವ ಅವಕಾಶ ಸಿಕ್ಕರೆ ವಯಸ್ಸು ಕೇಳಬೇಡಿ. ಆ ಪ್ರಶ್ನೆಗೆ ಏನು ಹೇಳಬೇಕೆಂದು ಮೊದಲೇ ಹೇಳಿಕೊಟ್ಟಿರುತ್ತಾರೆ. ‘ಎಷ್ಟನೇ ಕ್ಲಾಸಿನ ತನಕ ಓದಿದೆ ಮರಿ? ಶಾಲೆ ಬಿಟ್ಟು ಎಷ್ಟು ದಿನ ಆಯ್ತು?’ ಎಂದು ಕೇಳಿ. ‘ಆರನೇ ಕ್ಲಾಸು, ಹೋದ ವರ್ಷ ಬಿಟ್ಟೆ’ ಎಂದರೆ ವಯಸ್ಸು ತಾನಾಗಿ ಗೊತ್ತಾಗುತ್ತದೆ. ಎರಡು ಮಾತಿಗಿಂತ ಹೆಚ್ಚು ಬೇಡ. ನೀವು ಎದ್ದು ಹೋದ ಮೇಲೆ ಬೈಸಿಕೊಳ್ಳುವುದು ಅವನೇ.

ದೂರು ಹೀಗೆ ಕೊಡಿ

1. 1098ಕ್ಕೆ ಕರೆ ಮಾಡಿ. ಇದು ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಉಚಿತ. ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಹೇಳಬೇಕಿಲ್ಲ. ಹೊಡೆಯುವುದು, ಕೂಡಿಹಾಕುವುದು ಕಣ್ಣೆದುರೇ ನಡೆಯುತ್ತಿದ್ದರೆ 112ಕ್ಕೆ ಮಾಡಿ.

2. ಕರೆ ಮಾಡಿದ ದಿನಾಂಕ, ಸಮಯ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮುಂದೆ ವಿಚಾರಿಸಲು ಇದೇ ಆಧಾರ.

3. ಬರಹದಲ್ಲಿ ಕೊಡುವುದಾದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಕೊಟ್ಟು, ಒಂದು ಪ್ರತಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಕಳಿಸಿ. ಕೇಂದ್ರ ಕಾರ್ಮಿಕ ಸಚಿವಾಲಯದ ‘ಪೆನ್ಸಿಲ್’ ಜಾಲತಾಣದಲ್ಲೂ ದೂರು ದಾಖಲಿಸಬಹುದು. ಎಲ್ಲ ಕಡೆಯೂ ನುಣುಚಿಕೊಂಡರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಿರಿ. ದುಡಿಸಿಕೊಂಡವರ ಮೇಲೆ ಯಾವ ನಾಗರಿಕನೂ ನೇರವಾಗಿ ನ್ಯಾಯಾಲಯಕ್ಕೆ ದೂರು ಕೊಡಬಹುದು ಎಂದು 1986ರ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ.

4. ಜೀತದ ಅನುಮಾನವಿದ್ದರೆ ದೂರಿನಲ್ಲಿ ‘ಮುಂಗಡ’ ಎಂಬ ಮಾತನ್ನು ತಪ್ಪದೇ ಬರೆಯಿರಿ, ಉಪವಿಭಾಗಾಧಿಕಾರಿಗೂ ಪ್ರತಿ ಕೊಡಿ. ಅವರ ಕಚೇರಿಯಿಂದ ಬಿಡುಗಡೆ ಪ್ರಮಾಣಪತ್ರ ಸಿಕ್ಕಿದರೆ ಮಾತ್ರ ಪುನರ್ವಸತಿಯ ಹಣಕ್ಕೆ ದಾರಿಯಾಗುತ್ತದೆ.

5. ಹಳ್ಳಿಯಲ್ಲಿದ್ದರೆ ಶಾಲೆಯ ಮುಖ್ಯಶಿಕ್ಷಕರನ್ನೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನೂ ಕಾಣಿ. ಒಂದು ಮಗು ಹೇಳದೆ ಕೇಳದೆ ಸತತ 30 ದಿನ ಶಾಲೆಗೆ ಬಾರದಿದ್ದರೆ ಮುಖ್ಯಶಿಕ್ಷಕರು ನೋಡಲ್ ಅಧಿಕಾರಿಗೆ ತಿಳಿಸಬೇಕೆಂದು ಬಾಲಕಾರ್ಮಿಕ ನಿಯಮಗಳಲ್ಲೇ ಇದೆ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಶಾಲೆ ಬಿಟ್ಟವರ ಪಟ್ಟಿ ಓದಿಸಿ. ಯಾರು ಎಲ್ಲಿ ಕೆಲಸಕ್ಕಿದ್ದಾರೆಂದು ಜೊತೆಯ ಮಕ್ಕಳಿಗೆ ಗೊತ್ತಿರುವಷ್ಟು ಅಧಿಕಾರಿಗಳಿಗೆ ಗೊತ್ತಿರುವುದಿಲ್ಲ.

ಎಚ್ಚರ

ಮಗುವಿನ ಫೋಟೊ, ವಿಡಿಯೊ ತೆಗೆದು ವಾಟ್ಸ್‌ಆ್ಯಪ್‌, ಫೇಸ್‌ಬುಕ್‌ನಲ್ಲಿ ಹಾಕಬೇಡಿ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಗುವಿನ ಗುರುತು ಬಯಲು ಮಾಡುವುದು ಅಪರಾಧ, ಒಳ್ಳೆಯ ಮನಸ್ಸಿನಿಂದ ಮಾಡಿದರೂ ಅಪರಾಧವೇ. ಅಧಿಕಾರಿಗಳು ಕೇಳಿದರೆ ಅವರಿಗೆ ಮಾತ್ರ ಕೊಡಿ.

ಮಗುವನ್ನು ನೀವೇ ಕರೆದುಕೊಂಡು ಮನೆಗೆ ಹೋಗಬೇಡಿ. ಓಡಿಬಂದ ಮಗು ನಿಮ್ಮ ಕೈಗೇ ಸಿಕ್ಕರೆ ಕೂಡಲೇ 1098ಕ್ಕೆ ಅಥವಾ ಠಾಣೆಗೆ ತಿಳಿಸಿ. 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಹುಡುಗನ ಕೈಗೆ ಹಣ ಕೊಡುವುದು.* ಟಿಪ್ಸ್ ಕೊಟ್ಟು ಸಮಾಧಾನ ಮಾಡಿಕೊಳ್ಳುತ್ತೇವೆ. ಆ ಹಣ ಅವನ ಬಳಿ ಉಳಿಯುವುದು ಅನುಮಾನ. ಉಳಿದರೂ ಅಲ್ಲೇ ಇರಲು ಅದೊಂದು ಕಾರಣವಾಗುತ್ತದೆ.

*ತಂದೆತಾಯಿಯನ್ನು ಜೈಲಿಗೆ ಹಾಕುತ್ತಾರೆಂದು ಹೆದರುವುದು.* ವ್ಯಾಪಾರಕ್ಕಾಗಿ ಮಗುವನ್ನು ದುಡಿಸಿದವರ ಮಾತು ಬೇರೆ. ಉಳಿದಂತೆ ಮೊದಲ ಸಲ ತಂದೆತಾಯಿಗೆ ಶಿಕ್ಷೆಯಿಲ್ಲ. ಮರುಕಳಿಸಿದರೂ 10,000 ರೂಪಾಯಿ ತನಕ ದಂಡವಷ್ಟೇ.

*‘ನಾವು ಮನೆಮಗಳ ಹಾಗೆ ನೋಡಿಕೊಳ್ಳುತ್ತೇವೆ’ ಎಂಬ ಮಾತಿಗೆ ಕರಗುವುದು.* ಈ ಒಂದು ಮಾತು ನನ್ನನ್ನು ಬಹಳ ಕಾಡುತ್ತದೆ. ಓದಿಸುತ್ತೇವೆಂದು ಊರಿನಿಂದ ಕರೆತಂದ ಹುಡುಗಿ ಬೆಳಗಿನ ಹಾಲಿನಿಂದ ರಾತ್ರಿಯ ಪಾತ್ರೆಯ ತನಕ ಕಾಲ ಮೇಲೆ ನಿಂತಿರುತ್ತಾಳೆ. ಮನೆಯ ಮಗು ಶಾಲೆಗೆ ಹೊರಟಾಗ ಅದರ ಬ್ಯಾಗು ಹಿಡಿದು ಗೇಟಿನ ತನಕ ಬರುವವಳೂ ಅವಳೇ. ಹಬ್ಬಕ್ಕೆ ಹೊಸ ಬಟ್ಟೆ, ಹೊಟ್ಟೆ ತುಂಬ ಊಟ ಕೊಟ್ಟ ಮಾತ್ರಕ್ಕೆ ಇದು ಸರಿಯಾಗುವುದಿಲ್ಲ. ಇಂಥ ಮಗು ನಿಮ್ಮ ಮನೆಯಲ್ಲೇ ಇದ್ದರೆ ಯಾರ ದೂರಿಗೂ ಕಾಯಬೇಡಿ. ದುಡಿದ ದಿನಗಳ ಕೂಲಿಯನ್ನು ಪೂರ್ತಿ ಕೊಟ್ಟು, ತಂದೆತಾಯಿಯನ್ನು ಕರೆಸಿ, ಶಾಲೆಗೆ ಸೇರಿಸಿ.

*ದೊಡ್ಡ ಮಕ್ಕಳ ಬಗ್ಗೆ ಸುಮ್ಮನಿರುವುದು.* 14 ದಾಟಿದರೆ ನಮಗೇನು ಎನ್ನುವವರು ಮೇಲೆ ಕಾನೂನಿನ ಭಾಗದಲ್ಲಿರುವ ಎರಡನೇ ಅಂಶವನ್ನು ಇನ್ನೊಮ್ಮೆ ಓದಬೇಕು.

ಬಿಡಿಸಿದ ಮೇಲೆ

ದಾಳಿಯ ಫೋಟೊ ಪತ್ರಿಕೆಯಲ್ಲಿ ಬಂದ ಮೇಲೆ ಎಲ್ಲರೂ ಮರೆಯುವ ಭಾಗ ಇದು. ಮಗುವಿನ ಬದುಕು ತೀರ್ಮಾನವಾಗುವುದೂ ಇಲ್ಲೇ.

ಮೊದಲು ಮಕ್ಕಳ ಕಲ್ಯಾಣ ಸಮಿತಿ ಮಗುವಿನ ಮಾತು ಕೇಳುತ್ತದೆ, ವಯಸ್ಸಿನ ದಾಖಲೆ ನೋಡುತ್ತದೆ. ಶಾಲೆಯ ದಾಖಲೆ ಮೊದಲು, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಮನೆಯ ಸ್ಥಿತಿಗತಿ ವಿಚಾರಿಸುವ ತನಕ ಮಗು ಬಾಲಮಂದಿರದಲ್ಲಿರಬಹುದು. ಈ ಹಂತದಲ್ಲಿ ತಂದೆತಾಯಿ ಗಾಬರಿಯಾಗುತ್ತಾರೆ, ‘ಮಗನನ್ನು ಬಿಟ್ಟರೆ ಸಾಕು’ ಎಂದು ಏನು ಕೊಟ್ಟರೂ ಸಹಿ ಹಾಕುತ್ತಾರೆ. ಆ ಕುಟುಂಬ ನಿಮಗೆ ಗೊತ್ತಿದ್ದರೆ ಜೊತೆಗೆ ಹೋಗಿ. ಇವನ್ನು ಕೇಳಿ ಪಡೆಯಲು ನೆರವಾಗಿ:

1. ಕೂಲಿ ಬಾಕಿ. ನಿಷೇಧಿತ ಕೆಲಸವಾದರೂ ದುಡಿದದ್ದಕ್ಕೆ ಕೂಲಿ ಸಲ್ಲಲೇಬೇಕು. ಕಾರ್ಮಿಕ ನಿರೀಕ್ಷಕರ ವರದಿಯಲ್ಲಿ ಎಷ್ಟು ತಿಂಗಳು ದುಡಿದನೆಂಬುದು ದಾಖಲಾಗಲಿ.

2. ಪುನರ್ವಸತಿ ನಿಧಿ. ಮಾಲೀಕನಿಂದ ವಸೂಲಾದ ದಂಡದ ಜೊತೆಗೆ ಸರ್ಕಾರ ಪ್ರತಿ ಮಗುವಿಗೆ 15,000 ರೂಪಾಯಿ ಸೇರಿಸಬೇಕು. ಅದು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿರಬೇಕು. ಖಾತೆ ತೆರೆದಿದ್ದಾರೆಯೇ ಎಂದು ವಿಚಾರಿಸಿ.

3. ಪ್ರಾಯೋಜಕತ್ವ ಯೋಜನೆ. ಮಿಷನ್ ವಾತ್ಸಲ್ಯದಡಿ ಅರ್ಹ ಮಗುವಿನ ಪಾಲನೆಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಅಪ್ಪ ತೀರಿಕೊಂಡ, ಅಮ್ಮನೊಬ್ಬಳೇ ದುಡಿಯುವ ಮನೆಗಳಿಗೆ ಇದು ದೊಡ್ಡ ಆಸರೆ. ಮಗುವಿನ ಸಂಬಳ ನಿಂತರೆ ಗತಿಯೇನು ಎಂಬ ಪ್ರಶ್ನೆಗೆ ನೇರ ಉತ್ತರ ಇದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಬೇಕು.

4. ಶಾಲೆ. ‘ವಯಸ್ಸಿನ ದಾಖಲೆ ಇಲ್ಲ, ಟಿಸಿ ಇಲ್ಲ’ ಎಂದು ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದುಳಿದದ್ದಕ್ಕೆ ವಿಶೇಷ ತರಬೇತಿ ಕೊಡಬೇಕು. 12ರ ಹುಡುಗನನ್ನು 2ನೇ ತರಗತಿಯ ಪುಟ್ಟ ಮಕ್ಕಳ ನಡುವೆ ಕೂರಿಸಿದರೆ ನಾಚಿಕೆಗೇ ಅವನು ಓಡಿಹೋಗುತ್ತಾನೆ. ಈ ನಿಯಮ ಬಂದದ್ದು ಅದಕ್ಕೇ. ಗುಳೆ ಹೋಗುವ ಮನೆಯ ಮಗುವಾದರೆ ಹಾಸ್ಟೆಲ್ ಅಥವಾ ವಸತಿ ಶಾಲೆ ಕೇಳಿ. ಹುಡುಗಿಯರಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ. ತಂದೆತಾಯಿ ಕಟ್ಟಡ ಕಾರ್ಮಿಕರಾಗಿದ್ದು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದರೆ ಮಕ್ಕಳ ಓದಿಗೆ ಸಹಾಯಧನವಿದೆ.

5. ವಕೀಲರು. ಮಕ್ಕಳಿಗೂ ಮಹಿಳೆಯರಿಗೂ ಕಾನೂನು ನೆರವು ಉಚಿತ. 15100ಕ್ಕೆ ಕರೆ ಮಾಡಿ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ.

ಇಷ್ಟೆಲ್ಲ ಓಡಾಡಲು ಎಲ್ಲರಿಗೂ ಆಗದು, ಆಗಬೇಕೆಂದೂ ಇಲ್ಲ. ಆದರೆ ದೂರು ಕೊಟ್ಟವರು ತಿಂಗಳಿಗೊಮ್ಮೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಹೇಳಿ, ‘ಆ ಮಗು ಈಗ ಯಾವ ಶಾಲೆಯಲ್ಲಿದೆ?’ ಎಂದು ವಿಚಾರಿಸಬಹುದು. ಗುಟ್ಟಿನ ಕಾರಣಕ್ಕೆ ಶಾಲೆಯ ಹೆಸರು ಹೇಳದಿರಬಹುದು. ಸೇರಿದೆಯೋ ಇಲ್ಲವೋ ಎಂದಾದರೂ ಹೇಳಲು ಕೇಳಿ. ಹೊರಗಿನವರೊಬ್ಬರು ವಿಚಾರಿಸುತ್ತಿದ್ದಾರೆಂದರೆ ಆ ಕಡತ ಮೂಲೆ ಸೇರುವುದಿಲ್ಲ. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಕೂಡಲೇ ತಪ್ಪದೆ ಒಮ್ಮೆ ಕೇಳಿ. ರಜೆಯಲ್ಲಿ ಕೆಲಸಕ್ಕೆ ಹೋದ ಮಕ್ಕಳು ಹಿಂತಿರುಗದೆ ಉಳಿಯುವುದು ಆಗಲೇ.